ಸೆರೆಯಾಳಿನ ಫಿರ್ಯಾದು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸೆರೆಯಾಳು ತನ್ನನ್ನು ಕಾಯುವ ಅಧಿಕಾರಿಗಳ ಮೇಲೆ ಸಿವಿಲ್ ದಾವೆ ಹೂಡಬಹುದೆಂಬುದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿಯೇ ಒಪ್ಪಿದ ಮಾತು. ಆದರೆ 1996ರ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ನರ ಅಂಕಿತವನ್ನು ಪಡೆದ ಬಂದಿವ್ಯಾಜ್ಯ ಸುಧಾರಣಾ ಶಾಸನವು ಆ ಹಕ್ಕನ್ನು ಹೆಸರಿಗೆ ಉಳಿಸಿ, ಅದರ ದಾರಿಗೆ ಮುಳ್ಳುಬೇಲಿಯನ್ನು ಕಟ್ಟಿತು. ಇದಕ್ಕೆ ‘ಸುಧಾರಣೆ’ಯೆಂದು ಹೆಸರಿಟ್ಟವರ ಶಬ್ದಜ್ಞಾನವನ್ನು ಮೆಚ್ಚತಕ್ಕದ್ದೇ.

ಶಾಸನದ ಪಕ್ಷದವರ ವಾದವು ಸುಲಭವಾದುದು: ಸೆರೆಯಾಳುಗಳಿಗೆ ಬಿಡುವು ಬಹಳ, ಆದುದರಿಂದ ಕ್ಷುಲ್ಲಕ ದಾವೆಗಳೂ ಬಹಳ. ಇದಕ್ಕೆ ಅವರು ಎತ್ತಿ ತೋರಿಸಿದ ದೃಷ್ಟಾಂತವು ಕಡಲೆಕಾಯಿಯ ಬೆಣ್ಣೆಯೆಂಬ ಲೇಹ್ಯದ್ದು. ತರಿತರಿಯಾದುದನ್ನು ಕೇಳಿದರೆ ನುಣ್ಣನೆಯದನ್ನು ಕೊಟ್ಟರೆಂದು ಖೈದಿಯೊಬ್ಬನು ನ್ಯಾಯಾಲಯಕ್ಕೆ ಹೋದನಂತೆ! ಕೇಳಿದವರು ನಗದಿರುವುದು ಕಷ್ಟ. ಆದರೆ ನ್ಯಾಯಾಧೀಶ ಜಾನ್ ನ್ಯೂಮನ್ನರು ಆ ವ್ಯಾಜ್ಯದ ಕಾಗದಗಳನ್ನು ತೆಗೆದು ನೋಡಿದರು. ಆ ಮನುಷ್ಯನು ತಪ್ಪಾಗಿ ಬಂದ ಭರಣಿಯನ್ನು ಹಿಂದಿರುಗಿಸಿದ್ದನು. ಬದಲಿ ಬರುವುದರೊಳಗೆ ಅವನನ್ನು ಬೇರೊಂದು ಸೆರೆಮನೆಗೆ ಸಾಗಿಸಿದರು. ಪದಾರ್ಥವೂ ಕೈಸೇರಲಿಲ್ಲ, ಲೆಕ್ಕದಿಂದ ಕಳೆದ ಎರಡೂವರೆ ಡಾಲರೂ ಮರಳಲಿಲ್ಲ. ಅವನು ಬೇಡಿದುದು ರುಚಿಯನ್ನಲ್ಲ, ತನ್ನ ಹಣವನ್ನು. ಅದು ಅಲ್ಪವೆನ್ನುವವನು ಸೆರೆಮನೆಯ ಕೂಲಿಯನ್ನು ಬಲ್ಲವನಲ್ಲ. ಟೆಕ್ಸಾಸ್ ಸಂಸ್ಥಾನದಲ್ಲಿ ಬಹುತೇಕ ಕೆಲಸಗಳಿಗೆ ಕೂಲಿಯೇ ಇಲ್ಲ.

ಕ್ಷುಲ್ಲಕ ದಾವೆಗಳೇ ಇಲ್ಲವೆಂದು ಯಾರೂ ಹೇಳರು. ಅವುಗಳನ್ನು ಆರಂಭದಲ್ಲಿಯೇ ಶೋಧಿಸಿ ತಳ್ಳಿಹಾಕುವ ಅಧಿಕಾರವನ್ನು ಇದೇ ಶಾಸನವು ನ್ಯಾಯಾಧೀಶರಿಗೆ ಕೊಟ್ಟಿದೆ. ಜರಡಿಯು ಕೈಯಲ್ಲಿರುವಾಗ, ಕಣಕ್ಕೆ ಬರುವ ಬಂಡಿಯನ್ನೇ ತಡೆಯುವುದೇಕೆ?

ನಿಜವಾದ ಕೇಡು ಇನ್ನೊಂದು ನಿಯಮದಲ್ಲಿದೆ. ಸೆರೆಮನೆಯೊಳಗಿನ ದೂರಿನ ವಿಧಾನವನ್ನು ಕೊನೆಯ ಮೆಟ್ಟಲಿನವರೆಗೂ ಹತ್ತದೆ ಹೊರಗಿನ ನ್ಯಾಯಾಲಯಕ್ಕೆ ಬರಕೂಡದು. ಬೇಡಿದ ಹಣವನ್ನು ಕೊಡಿಸುವ ಶಕ್ತಿ ಆ ವಿಧಾನಕ್ಕಿಲ್ಲದಿದ್ದರೂ ಹತ್ತಲೇಬೇಕೆಂದು 2001ರಲ್ಲಿ ತೀರ್ಪಾಯಿತು. ಕ್ಯಾಲಿಫೋರ್ನಿಯಾದಲ್ಲಿ ಆಗ ಗಡುವು ಹದಿನೈದು ಕೆಲಸದ ದಿನಗಳಾಗಿತ್ತು. ಅದನ್ನು ಮೀರಿದ ಖೈದಿಯ ವ್ಯಾಜ್ಯದಲ್ಲಿ, ಒಳಗಿನ ಗಡುವು ತಪ್ಪಿದವನಿಗೆ ಹೊರಗಿನ ಬಾಗಿಲೂ ಮುಚ್ಚಿತೆಂದು 2006ರಲ್ಲಿ ನಿರ್ಣಯವಾಯಿತು. ಗಡುವನ್ನು ಗೊತ್ತುಮಾಡುವವರು ಯಾರು? ಪ್ರತಿವಾದಿಗಳಾಗತಕ್ಕ ಇಲಾಖೆಯವರೇ! ಘಟ್ಟಕುಟೀಪ್ರಭಾತನ್ಯಾಯವನ್ನು ಬಲ್ಲವರಿಗೆ ಇದು ಹೊಸದಲ್ಲ: ರಾತ್ರಿಯೆಲ್ಲ ಸುಂಕದ ಕಟ್ಟೆಯನ್ನು ತಪ್ಪಿಸಿ ನಡೆದ ವರ್ತಕನಿಗೆ ಬೆಳಗಾದುದು ಆ ಕಟ್ಟೆಯ ಬಾಗಿಲಿನಲ್ಲಿಯೇ. ಆ ವರ್ತಕನಾದರೋ ಸುಂಕಗಳ್ಳ. ನ್ಯಾಯವನ್ನು ಬೇಡುವ ಈತನು ಯಾವ ಸುಂಕವನ್ನು ಕದ್ದನು?

ಸುಂಕವೂ ಉಂಟು. ಎಷ್ಟೇ ಬಡವನಾದರೂ 350 ಡಾಲರುಗಳ ಶುಲ್ಕವನ್ನು ತಿಂಗಳ ಆದಾಯದಲ್ಲಿ ಶೇಕಡಾ 20ರಂತೆ ತೆರಬೇಕು; ದಾವೆಗಳು ಎರಡಾದರೆ ಕಡಿತವೂ ಎರಡು. ಕ್ಷುಲ್ಲಕವೆಂದೋ ಆಧಾರವಿಲ್ಲವೆಂದೋ ಮೂರು ದಾವೆಗಳು ವಜಾ ಆದವನಿಗೆ, ಗಂಭೀರವಾದ ದೈಹಿಕ ಗಾಯದ ಅಪಾಯವು ಎದುರಿಗಿದ್ದ ಹೊರತು, ಕಂತಿನ ಅನುಕೂಲವೂ ಇಲ್ಲ.

2016ರಲ್ಲಿ ಅದೇ ನ್ಯಾಯಾಲಯವು, ಬೆದರಿಕೆಯಿಂದ ತಡೆದ ದೂರಿನ ದಾರಿಯು ದಾರಿಯೇ ಅಲ್ಲವೆಂದು ಹೇಳಿತು. ಆದರೆ ತಡೆದುದು ನಿಜವೆಂದು ನಿರ್ಣಯಿಸುವವರು ಯಾರು? ಮಿಚಿಗನ್ನಿನ ಸೆರೆಯಾಳೊಬ್ಬನು, ಅಧಿಕಾರಿಯು ತನ್ನನ್ನು ಲೈಂಗಿಕವಾಗಿ ಪೀಡಿಸಿದನೆಂದೂ ತನ್ನ ದೂರಿನ ಪತ್ರಗಳನ್ನು ಹರಿದುಹಾಕಿದನೆಂದೂ ಆರೋಪಿಸಿದನು. ದೂರಿನ ಮೆಟ್ಟಲು ಹತ್ತಲಿಲ್ಲವೆಂಬುದು ಪ್ರತಿವಾದಿಯ ಉತ್ತರ. ಇಂತಹ ಪ್ರಶ್ನೆಯು ಮೂಲ ಆರೋಪದೊಡನೆ ಹೆಣೆದುಕೊಂಡಿದ್ದರೆ ಅದನ್ನು ಜೂರಿಯವರೇ ನಿರ್ಣಯಿಸಬೇಕೆಂದು 2025ರ ಜೂನ್ ತಿಂಗಳಲ್ಲಿ ತೀರ್ಪಾಯಿತು. ಒಪ್ಪಿದವರು ಐವರು, ನಾಲ್ವರು ಅಷ್ಟನ್ನೂ ಒಪ್ಪಲಿಲ್ಲ.