ಮರಕ್ಕೆ ಪರ್ಮಿಷನ್ ಬೇಕು, ನಮ್ಮ ಮೈಗೆ?

ನಮ್ಮ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ಹಲಸಿನ ಮರವೊಂದನ್ನು ಗುರುತಿಸಿದರು. ಕೆಂಪು ತೊಳೆಯ ಆ ಮರಕ್ಕೆ ‘ಸಿದ್ದು’ ಅಂತ ಹೆಸರಾಯಿತು, ಕಸಿ ಕಟ್ಟಿ ಸಸಿ ಮಾಡಿದರು. ಸಂತೋಷ. ಮರಕ್ಕೂ ಹೆಸರಿರಬೇಕು. ನಾವು ಕೇಳೋದು ಇಷ್ಟೇ: ಗಾಳಿಮಳೆಗೆ ಮರ ಬಿದ್ದ ರಾತ್ರಿ ಕೇರಿಗೆ ಬಂದು ‘ಯಾರಾದ್ರೂ ಬನ್ರೋ’ ಅಂತ ಕರೆದೊಯ್ತಾರಲ್ಲ, ಆ ಮರ ಕೊಯ್ಯುವವನ ಹೆಸರು ಯಾವ ರಿಜಿಸ್ಟರಿನಲ್ಲಿದೆ?

ಮರ ಉಳಿಸಲಿಕ್ಕೆ 1976ರಲ್ಲೇ ಕರ್ನಾಟಕದಲ್ಲಿ ಕಾಯಿದೆ ಬಂತು. ಕಡಿಯೋಕೆ ಮೊದಲು ಅಧಿಕಾರಿಯ ಅನುಮತಿ ಕೇಳಬೇಕು. ಕಡಿಯುವವನ ಕಾಲಿಗೆ, ಕಣ್ಣಿಗೆ ಯಾರ ಅನುಮತಿ ಕೇಳ್ತಾರೆ?

ಒಂದು ಮುಂಗಾರಿನ ಮುಂಚೆ ನಮ್ಮ ಚಿಕ್ಕಪ್ಪ ಹೀಗೇ ಹೋದರು. ಬಿದ್ದ ಹುಣಸೆ ಮರದ ಕೆಳಗೆ ಸಿಕ್ಕಿ ಬಾಗಿದ್ದ ಕೊಂಬೆಗೆ ಮಿಷನ್ ಇಟ್ಟರು. ಕೊಂಬೆ ಸಿಡಿದು ಮೊಣಕಾಲು ಮುರೀತು. ಗುತ್ತಿಗೆದಾರ ಅಂದ: ‘ಅವನದೇ ತಪ್ಪು. ಮರ ಕಡಿಯೋದು ನಿಮ್ಮೋರಿಗೆ ಹುಟ್ಟಿನಿಂದ್ಲೇ ಬರ್ಬೇಕಲ್ವಾ?’

ಹುಟ್ಟಿನಿಂದ! ಇದು ಮನುವಿನ ಮಾತು, ಪ್ಯಾಂಟು ಹಾಕ್ಕೊಂಡು ಬಂದಿದೆ ಅಷ್ಟೆ. ಕೈ ನಿಂತರೆ ಕೊಡಲಿ ನಿಲ್ಲುತ್ತೆ. ಈ ಮಿಷನ್ನಿನ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ. ಇದನ್ನು ಯಾವ ತಾಯಿಯೂ ಹೊಟ್ಟೆಯಲ್ಲಿ ಕಲಿಸಲ್ಲ. ಕಲಿಸುವ ಪುಸ್ತಕ ಇಂಗ್ಲಿಷಿನಲ್ಲಿ, ಧಣಿಯ ಮನೆಯ ಡಬ್ಬಿಯಲ್ಲಿ ಇದೆ. ಡಿಗ್ರಿ ಓದಿದ ನಾವು ಅದನ್ನು ಕೇರಿಗೆ ಓದಿ ಹೇಳಲಿಲ್ಲ. ಈ ಪಾಪದಲ್ಲಿ ನಮಗೂ ಪಾಲಿದೆ. ಈಗ ಹೇಳ್ತೀವಿ, ಕೇಳಿ.

ಬಾಗಿದ ಕೊಂಬೆ ಅಂದ್ರೆ ಎಳೆದು ಹಿಡಿದ ಬಿಲ್ಲು. ಬಾಗಿನ ಹೊರಮೈಯಲ್ಲಿ ನಾರು ಎಳೆದುಕೊಂಡಿರುತ್ತೆ, ಒಳಮೈಯಲ್ಲಿ ಅದುಮಿಕೊಂಡಿರುತ್ತೆ. ಮೊದಲ ಕಚ್ಚು ಒಳಮೈಗೆ, ದಪ್ಪದ ಮೂರನೇ ಒಂದು ಪಾಲು ಮೀರಬಾರದು, ಮೀರಿದರೆ ಮಿಷನ್ ಸಿಕ್ಕಿಕೊಳ್ಳುತ್ತೆ. ಆಮೇಲೆ ಹೊರಮೈಯಿಂದ ಸ್ವಲ್ಪಸ್ವಲ್ಪವಾಗಿ. ಎರಡೂ ತುದಿ ಸಿಕ್ಕಿಕೊಂಡ ಎಳೆ ಗಿಡವಾದರೆ ಹೊರಗಿಂದ ಕೊಯ್ಯಲೇಬೇಡಿ. ಒಳಮೈಯನ್ನು ತೆಳ್ಳಗೆ ಹೆರೆಯುತ್ತಾ ಹೋದರೆ ಬಿಗಿ ತಾನೇ ಬಿಡುತ್ತೆ. ಬಿಟ್ಟ ಕೊಂಬೆ ಹೊರಮೈ ಕಡೆಗೇ ಹಾರೋದು. ಆ ದಾರಿಯಲ್ಲಿ ನಿಲ್ಲಬೇಡಿ. ಬುಡಮೇಲಾದ ಮರದ ಕಾಂಡ ಕೊಯ್ದರೆ ಬೇರಿನ ಗಡ್ಡೆ ಮತ್ತೆ ಎದ್ದು ಗುಂಡಿಗೆ ಕೂರಬಹುದು. ಅಲ್ಲಿ ಯಾರೂ ಇರಬಾರದು. ಬ್ಲೇಡಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮಿಷನ್ ಮುಖಕ್ಕೇ ಎಗರುತ್ತೆ: ಒಂದು ಕೈಯಲ್ಲಿ ಹಿಡಿಯಬೇಡಿ, ಭುಜದ ಮೇಲೆ ಎತ್ತಬೇಡಿ. ಕರೆಂಟಿನ ತಂತಿ ಬಿದ್ದಿದ್ದರೆ, ಲೈನ್ ಆಫ್ ಆಗಿದೆ ಅಂತ ಖಾತ್ರಿಯಾಗುವವರೆಗೆ ಹತ್ತಿರ ಹೋಗಬೇಡಿ.

ಇಷ್ಟು ಗೊತ್ತಿಲ್ಲದವನ ಕೈಗೆ ಮಿಷನ್ ಕೊಟ್ಟವನದ್ದು ತಪ್ಪಲ್ಲವಂತೆ, ಹಿಡಿದವನದ್ದು ತಪ್ಪಂತೆ!

ಕೆಲಸದಲ್ಲಿ ಗಾಯವಾದರೆ ಪರಿಹಾರ ಅಂತ 1923ರಲ್ಲೇ ಕಾನೂನಾಯಿತು. 1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದರು. ಕೂಲಿಯವನ ಮೈಗೂ ಕಾನೂನಿದೆ ಅನ್ನೋದು ಹೊಸ ಮಾತಲ್ಲ. ಆದರೆ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವನು ಯಾವ ಬಾಗಿಲು ತಟ್ಟಬೇಕು?

ಮರದ ಮೇಲೆ ಕವಿತೆ ಬರೆಯುವ ಗೆಳೆಯರೇ, ನಾವೂ ಬರೆದವರೇ. ಮರ ಕೊಯ್ಯುವವನ ಮೊಣಕಾಲಿನ ಮೇಲೂ ಒಂದು ಸಾಲು ಬರೆಯೋಣ. ಮೇಷ್ಟ್ರುಗಳೇ, ಮೇಲಿನದ್ದನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ. ಮತ್ತೆ ಕರೆಯೋಕೆ ಬಂದಾಗ ನಮ್ಮವರು ಮೂರು ಕೇಳಲಿ: ಹೆಸರು ಬರೆದ್ರಾ? ಕಲಿಸಿದ್ರಾ? ಕಾಲಿಗೆ, ತಲೆಗೆ, ಕಣ್ಣಿಗೆ ರಕ್ಷಣೆ ತಂದ್ರಾ?

ಇಲ್ಲ ಅಂದ್ರೆ, ಮರ ಅಲ್ಲೇ ಬಿದ್ದಿರಲಿ. ಧಣಿಗಳ ಕಾರು ಒಂದು ರಾತ್ರಿ ಕಾಯಲಿ.