ಅಂಕ ಕೊಟ್ಟವರಾರು?

ಅಮೆರಿಕದಲ್ಲಿ ಬಾರ್ಬೆಕ್ಯೂ ಸ್ಪರ್ಧೆ ಎಂಬುದೊಂದುಂಟು. ಶುಕ್ರವಾರ ಮೈದಾನದಲ್ಲಿ ಗುಡಾರ ಹೂಡಿ, ಸೌದೆ ಇದ್ದಿಲುಗಳ ಬೆಂಕಿ ಹಾಕಿ, ರಾತ್ರಿಯಿಡೀ ನಿದ್ದೆಗೆಟ್ಟು, ಹದವಾದ ಹೊಗೆಯಲ್ಲಿ ಮಾಂಸ ಬೇಯಿಸಿ, ಶನಿವಾರ ಮಧ್ಯಾಹ್ನ ತೀರ್ಪುಗಾರರ ಮುಂದೆ ಇಡುವ ಪಂದ್ಯವದು. ಕೋಳಿ, ಹಂದಿಯ ಪಕ್ಕೆಲುಬು, ಹಂದಿಯ ಭುಜದ ಮಾಂಸ, ದನದ ಎದೆಮಾಂಸ, ಹೀಗೆ ನಾಲ್ಕು ಬಗೆ. ಪ್ರವೇಶ ಶುಲ್ಕ, ಮಾಂಸ, ಸೌದೆ, ದಾರಿಖರ್ಚು ಎಲ್ಲ ಸೇರಿ ಒಂದು ತಂಡಕ್ಕೆ ನೂರಾರು ಡಾಲರು ತಗಲುತ್ತದೆ. ಕೆಲವರ ಹಿಂದೆ ದೊಡ್ಡ ಕಂಪನಿಗಳ ಹಣವಿದೆ. ಮಿಕ್ಕವರು ವಾರವಿಡೀ ದುಡಿದು ಉಳಿಸಿದ್ದನ್ನೇ ಒಲೆಗೆ ಹಾಕುವವರು.

ಸಂಜೆ ಫಲಿತಾಂಶ ಹೊರಬೀಳುತ್ತದೆ. ಗೆದ್ದ ತಂಡದಿಂದ ಹಿಡಿದು ಕಟ್ಟಕಡೆಯ ತಂಡದವರೆಗೆ ಎಲ್ಲರ ಹೆಸರೂ ಪಟ್ಟಿಯಲ್ಲಿರುತ್ತದೆ. ಸೋತವನ ಮಾನ ಬಹಿರಂಗ. ಅವನನ್ನು ಸೋಲಿಸಿದವರ ಹೆಸರು ಮಾತ್ರ ಗುಟ್ಟು! ಇದೆಂಥ ನ್ಯಾಯ?

ಯಾರದೋ ದೇಶದ ಮಾಂಸದ ಪಂದ್ಯದ ಗೊಡವೆ ನಮಗೇಕೆ ಎಂದು ಕೆಲವು ಓದುಗರು ಮೂಗು ಮುರಿಯಬಹುದು. ಸ್ವಾಮಿ, ನೀವು ನೇಯ್ದ ಬಟ್ಟೆಗೆ ‘ದೋಷವಿದೆ’ ಎಂಬ ಚೀಟಿ ಅಂಟಿ ವಾಪಸು ಬಂದಾಗ ಮೊದಲು ಕೇಳುವ ಪ್ರಶ್ನೆ ಯಾವುದು? ಚೀಟಿ ಬರೆದವನು ಯಾರು ಎಂದಲ್ಲವೇ? ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿದ ಅಧಿಕಾರಿ ಯಾರೆಂದು ಅಂಗಡಿಯವನು ತಿಳಿದಿರುತ್ತಾನೆ. ಮೊಕದ್ದಮೆ ಸೋತವನ ಕೈಗೆ ಬರುವ ತೀರ್ಪಿನ ಕೆಳಗೆ ನ್ಯಾಯಾಧೀಶರ ಸಹಿ ಇರುತ್ತದೆ. ಒಬ್ಬನ ದುಡಿಮೆಯನ್ನು ಇನ್ನೊಬ್ಬ ತೂಗುವ ಕಡೆಯಲ್ಲೆಲ್ಲ ಈ ಪ್ರಶ್ನೆ ಇದ್ದೇ ಇದೆ.

ಈ ಸ್ಪರ್ಧೆಗಳಿಗೆ ನಿಯಮ ಹಾಕಿಕೊಟ್ಟ ದೊಡ್ಡ ಸಂಸ್ಥೆ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ. ಅದರ ಪದ್ಧತಿಯಲ್ಲಿ ಒಳ್ಳೆಯದೆಷ್ಟೋ ಇದೆ. ಅದನ್ನು ಮುಚ್ಚಿಟ್ಟು ವಾದ ಹೂಡುವುದು ನಮಗೆ ಬೇಕಿಲ್ಲ. ಎಲ್ಲ ತಂಡಗಳಿಗೂ ಒಂದೇ ಅಳತೆಯ ಬಿಳಿ ಪೆಟ್ಟಿಗೆ. ಅದರ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಆ ಸಂಖ್ಯೆಯೂ ಮೇಜಿಗೆ ಹೋಗುವ ಮುನ್ನ ಬದಲಾಗುತ್ತದೆ. ಒಳಗೆ ಗುರುತಿನಂತೆ ಏನಾದರೂ ಇಟ್ಟರೆ ಆ ತಂಡದ ಮಾಂಸ ಅನರ್ಹ. ಮಾಂಸ ಒಪ್ಪಿಸುವ ದಿನ ತೀರ್ಪು ಮುಗಿಯುವ ತನಕ ತೀರ್ಪುಗಾರರು ತಂಡಗಳೊಡನೆ ಬೆರೆಯುವಂತಿಲ್ಲ. ಮೇಜಿಗೆ ಆರು ಜನ. ಒಬ್ಬರೊಡನೊಬ್ಬರು ಮಾತಾಡದೆ ನೋಟ, ರುಚಿ, ಮೃದುತ್ವ ಈ ಮೂರಕ್ಕೆ ಅಂಕ ಹಾಕುತ್ತಾರೆ. ಆರರಲ್ಲಿ ಅತಿ ಕಡಿಮೆ ಬಂದದ್ದನ್ನು ಕೈಬಿಡುತ್ತಾರೆ. ಯಾರ ಮಾಂಸವೆಂದು ತಿನ್ನುವವನಿಗೆ ತಿಳಿಯಬಾರದು. ಇದು ಸರಿ, ನೂರಕ್ಕೆ ನೂರು ಸರಿ.

ಆದರೆ ಅಂಕ ಬರೆದಾದ ಮೇಲೆ? ಆಗಲೂ ಕಣ್ಣಿಗೆ ಬಟ್ಟೆ ಏಕೆ? ಅಡುಗೆಯವನಿಗೆ ಅಂಕದ ವಿವರ ಸಿಗುತ್ತದೆ, ಅಂಕ ಕೊಟ್ಟ ಕೈ ಯಾವುದೆಂದು ಸಿಗುವುದಿಲ್ಲ. ತೀರ್ಪುಗಾರನ ಕಣ್ಣಿಗೆ ಕಟ್ಟಬೇಕಾದ ಬಟ್ಟೆಯನ್ನು ಲೋಕದ ಕಣ್ಣಿಗೂ ಕಟ್ಟಿದ್ದಾರೆ.

ಅತಿ ಕಡಿಮೆ ಅಂಕವನ್ನು ಕೈಬಿಟ್ಟಾಯಿತಲ್ಲ, ಒಬ್ಬ ಜಿಪುಣನಿಂದ ಏನು ನಷ್ಟ ಎಂಬ ಸಮಾಧಾನ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ನಾಲ್ಕು ಬಗೆಗೂ ಕೂಡಿ ಪೂರ್ಣ ಅಂಕ 720. ಗೆಲ್ಲುವ ತಂಡಗಳು ಬಹುಮಟ್ಟಿಗೆ 700ರ ಆಸುಪಾಸಿನಲ್ಲಿರುತ್ತವೆ. ಮೂರು ಗುಣಗಳಲ್ಲಿ ರುಚಿಗೆ ತೂಕ ಹೆಚ್ಚು. ಒಂದು ಮೇಜಿನಲ್ಲಿ ಇಬ್ಬರು ಬಿಗಿಗೈಯವರು ಕೂತರೆಂದಿಟ್ಟುಕೊಳ್ಳಿ. ಒಬ್ಬನ ಅಂಕ ಬಿಟ್ಟುಹೋಯಿತು. ಇನ್ನೊಬ್ಬ ರುಚಿಗೆ 9ರ ಬದಲು 6 ಬರೆದ. ಅಷ್ಟರಿಂದಲೇ ಸುಮಾರು 7 ಅಂಕ ಹೋಯಿತು! ರಾತ್ರಿಯೆಲ್ಲ ಹೊಗೆ ಕುಡಿದವನು ಮೇಲಿನ ಸಾಲಿನಿಂದ ಎಲ್ಲಿಗೋ ಜಾರಿದ. ಇಂಥ ಮೇಜಿಗೆ ಅಡುಗೆಯವರು ‘ಸಾವಿನ ಮೇಜು’ ಎಂದೇ ಹೆಸರಿಟ್ಟಿದ್ದಾರೆ. ಅದರ ಸುತ್ತ ಕೂತವರ ಹೆಸರನ್ನು ಮಾತ್ರ ಅವರು ಕಾಣರು.

ಆ ಇಬ್ಬರು ತಪ್ಪು ಮಾಡಿದರೆಂದು ನಾವು ಹೇಳುತ್ತಿಲ್ಲ. ಮಾಂಸವೇ ಒಣಗಿದ್ದಿರಬಹುದು. ಹಾಗಿದ್ದರೆ ಹೆಸರಿಟ್ಟು ಹೇಳಲು ಅಂಜಿಕೆ ಏಕೆ? ಒಬ್ಬನೇ ತೀರ್ಪುಗಾರ ಹತ್ತು ಪಂದ್ಯಗಳಲ್ಲಿ ಜೊತೆಯವರೆಲ್ಲರಿಗಿಂತ ಎರಡು ಅಂಕ ಕೆಳಗೇ ಬರೆಯುತ್ತಿದ್ದರೆ ಅದು ಅಡುಗೆಯವರಿಗೆ ಕಾಣಬೇಡವೇ?

ನಮ್ಮ ಎದುರಾಳಿಗಳಿಗೆ ಪ್ರಿಯವಾದ ವಾದ ಗುಪ್ತ ಮತದಾನದ್ದು. ಮತದಾರನ ಹೆಸರು ಗುಟ್ಟಾಗಿರುವಾಗ ತೀರ್ಪುಗಾರನದೇಕೆ ಬಹಿರಂಗ ಎನ್ನುತ್ತಾರೆ. ಕೇಳಲು ಸೊಗಸಾಗಿದೆ! ಮತದಾರನನ್ನು ಪರದೆಯ ಹಿಂದೆ ನಿಲ್ಲಿಸಿದ್ದು ಜಮೀನುದಾರನೂ ಧಣಿಯೂ ಅವನ ಕೆಲಸ ಕಿತ್ತುಕೊಳ್ಳದಿರಲೆಂದು. ಅಲ್ಲಿ ಗುಟ್ಟು ಬಡವನ ರಕ್ಷಣೆ. ತೀರ್ಪಿನ ಮೇಜಿನಲ್ಲಿ ಬಲ ಯಾರ ಕೈಯಲ್ಲಿದೆ? ಪೆನ್ಸಿಲು ಹಿಡಿದವನ ಕೈಯಲ್ಲಿ. ಬಲ್ಲಿದನಿಗೇ ಪರದೆ ಕಟ್ಟಿಕೊಟ್ಟು ಅದನ್ನು ಪ್ರಜಾಪ್ರಭುತ್ವವೆನ್ನುವುದು ಶುದ್ಧ ಕಣ್ಕಟ್ಟು.

ತೀರ್ಪುಗಾರರು ಸಂಬಳವಿಲ್ಲದ ಸ್ವಯಂಸೇವಕರು, ಸ್ವಂತ ಖರ್ಚಿನಲ್ಲಿ ಬರುವವರು, ಹೆಸರು ಹೊರಬಿದ್ದರೆ ಸೋತವರು ಬೆನ್ನು ಹತ್ತುತ್ತಾರೆ ಎಂಬ ಮಾತಿನಲ್ಲಿ ಸತ್ಯವಿದೆ. ಬಿಯರು ಕುಡಿದ ಸಂಜೆ ಮೈದಾನದಲ್ಲಿ ಯಾರಾದರೂ ಕೂಗಾಡಿಯಾರು. ಕೂಗಾಡಿದ ತಂಡವನ್ನು ಮುಂದಿನ ಪಂದ್ಯಗಳಿಂದ ಹೊರಗಿಡಲಿ. ಹೆಸರು ಬೇಕೆಂದವರು ಮನೆಯ ವಿಳಾಸವನ್ನು ಕೇಳುತ್ತಿಲ್ಲ. ಪಂದ್ಯಕ್ಕೆ ಮುನ್ನ ಇದೇ ತೀರ್ಪುಗಾರರು ಬಲಗೈ ಎತ್ತಿ ಪ್ರತಿಜ್ಞೆ ಮಾಡುತ್ತಾರೆ. ಸತ್ಯ, ನ್ಯಾಯ ಎಂಬ ಮಾತುಗಳೂ ಅದರಲ್ಲಿವೆ. (ಅರ್ಧ ತಮಾಷೆಗೆಂದು ಬರೆದ ಪ್ರತಿಜ್ಞೆಯಂತೆ ಕಾಣುತ್ತದೆ, ಇರಲಿ.) ಪ್ರತಿಜ್ಞೆಗೆ ಮುಖ ತೋರಿಸಿದವರು ಅಂಕಕ್ಕೆ ಮುಖ ಮರೆಸುವುದು ಸರಿಯೇ?

ಗುಟ್ಟಿನಿಂದ ಪಕ್ಷಪಾತ ತೊಲಗುವುದೆಂಬ ಭ್ರಮೆ ಇದ್ದವರು ಮಂಜಿನ ಮೇಲಿನ ಸ್ಕೇಟಿಂಗಿನ ಕಥೆ ಕೇಳಲಿ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಪರ್ಧೆಯ ಫ್ರೆಂಚ್ ತೀರ್ಪುಗಾರ್ತಿಯ ಮೇಲೆ ಒತ್ತಡ ಬಂದಿತ್ತೆಂಬ ದೊಡ್ಡ ಹಗರಣವೆದ್ದಿತು. ಕೊನೆಗೆ ಕೆನಡಾದ ಜೋಡಿಗೂ ಚಿನ್ನದ ಪದಕ ಕೊಡಬೇಕಾಯಿತು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ದೊಡ್ಡವರು ಕಂಡುಕೊಂಡ ಮದ್ದೇನು? ಯಾವ ಅಂಕ ಯಾರದೆಂದು ತಿಳಿಯದಂತೆ ಮಾಡಿದರು! ಹೆಸರು ಮುಚ್ಚಿದರೆ ಒತ್ತಡ ಹಾಕುವವರಿಗೆ ಫಲ ಸಿಗದು ಎಂಬುದು ಅವರ ತರ್ಕ. ಎರಿಕ್ ಜಿಟ್ಜೆವಿಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಅಂಕಗಳನ್ನು ಅಳೆದು ನೋಡಿದಾಗ ಸ್ವದೇಶದ ಪಟುಗಳ ಕಡೆಗಿನ ಒಲವು ಕಡಿಮೆಯಾಗಿರಲಿಲ್ಲ, ತುಸು ಹೆಚ್ಚಿತ್ತು. 2016ರಲ್ಲಿ ಒಕ್ಕೂಟವೇ ಆ ಗುಟ್ಟಿನ ಪದ್ಧತಿಯನ್ನು ಕೈಬಿಟ್ಟಿತು. ಒಲಿಂಪಿಕ್ಸಿನವರು ಸುಟ್ಟುಕೊಂಡ ಕೈಯನ್ನು ಬಾರ್ಬೆಕ್ಯೂದವರು ಇನ್ನೂ ಬೆಂಕಿಯಲ್ಲೇ ಇಟ್ಟುಕೊಂಡಿದ್ದಾರೆ.

ಹಾಗೆಂದು ಮೆಂಫಿಸ್ ನಗರದವರ ದಾರಿಯನ್ನು ಹಿಡಿಯಿರೆಂದೂ ನಾವು ಹೇಳೆವು. ಅಲ್ಲಿ 1978ರಲ್ಲಿ ಶುರುವಾದ ‘ಮೆಂಫಿಸ್ ಇನ್ ಮೇ’ ಪಂದ್ಯದಲ್ಲಿ ಹೆಸರಿಲ್ಲದ ಪೆಟ್ಟಿಗೆಯ ಜೊತೆಗೆ ಇನ್ನೊಂದು ಏರ್ಪಾಡು ಬೆಳೆದುಬಂದಿದೆ: ತೀರ್ಪುಗಾರ ತಂಡದ ಗುಡಾರಕ್ಕೇ ಬರುತ್ತಾನೆ. ಮೇಜಿನ ಮೇಲೆ ಬಟ್ಟೆ ಹಾಸಿ, ಕೈಕುಲುಕಿ, ಒಲೆ ತೋರಿಸಿ, ಮಾಂಸದ ಪುರಾಣ ಹೇಳಿ ಬಡಿಸುತ್ತಾರೆ. ಇಲ್ಲಿ ಮುಖವೇನೋ ಬಯಲು. ಆದರೆ ಅಂಕ ಬರೆಯುವ ಮುಂಚೆಯೇ ಬಯಲು. ದುಡ್ಡಿದ್ದವನ ಗುಡಾರ ಚೆಂದ, ಮಾತುಗಾರನ ಮಾಂಸ ರುಚಿ. ಮೆಂಫಿಸ್ಸಿನವರು ಮೊದಲೇ ತೆರೆಯುತ್ತಾರೆ, ಕ್ಯಾನ್ಸಸ್ ಸಿಟಿಯವರು ಕಡೆಗೂ ತೆರೆಯುವುದಿಲ್ಲ.

ಹೆಸರು ಬಂದರೆ ಎಲ್ಲರೂ ಹೆದರಿ 9 ಬರೆಯುತ್ತಾರೆ ಎಂಬ ಆಕ್ಷೇಪಣೆಯೊಂದು ಉಳಿಯಿತು. ಹೆಸರಿಲ್ಲದ ಈಗಲೇ ಅಂಕಗಳು 8, 9ರ ಸುತ್ತ ಗಿರಕಿ ಹೊಡೆಯುತ್ತಿಲ್ಲವೇ? ಧಾರಾಳವಾಗಿ ಹಂಚುವವನೂ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ.

ಆದ್ದರಿಂದ ಕ್ಯಾನ್ಸಸ್ ಸಿಟಿಯ ಪೆಟ್ಟಿಗೆ ಇದ್ದಂತೆಯೇ ಇರಲಿ. ಫಲಿತಾಂಶ ಓದಿದ ಸಂಜೆಯೇ ಯಾವ ಮೇಜಿನಲ್ಲಿ ಯಾರು ಕೂತಿದ್ದರು, ಯಾವ ಪೆಟ್ಟಿಗೆಗೆ ಯಾರು ಎಷ್ಟು ಕೊಟ್ಟರು ಎಂಬ ಹಾಳೆಯನ್ನೂ ತಂಡಗಳ ಪಟ್ಟಿಯ ಪಕ್ಕದಲ್ಲಿ ಅಂಟಿಸಲಿ. ಊರಿನ ಗಣ್ಯರನ್ನು ಮರ್ಯಾದೆಗೆಂದು ಮೇಜಿಗೆ ಕೂರಿಸಿದ್ದರೆ ಅವರ ಹೆಸರೂ ಅದರಲ್ಲಿರಲಿ. ಸೊಸೈಟಿಯ ನಿರ್ದೇಶಕ ಮಂಡಳಿಯನ್ನು ಆರಿಸುವವರು ಸದಸ್ಯರು. ಬೆಂಕಿಯ ಮುಂದೆ ನಿಲ್ಲುವವರಲ್ಲೂ ಬಹಳಷ್ಟು ಜನ ಸದಸ್ಯರೇ. ಮುಂದಿನ ಸಲ ಮತ ಕೇಳಲು ಬಂದ ಅಭ್ಯರ್ಥಿಗೆ ಈ ಒಂದು ಪ್ರಶ್ನೆಯನ್ನು ಅವರು ಹಾಕಲಿ.