ಚೋಮೊಲುಂಗ್ಮಾ ಎಂದೇ ಬರೆಯೋಣ: ಆಕ್ಷೇಪಗಳಿಗೆ ಉತ್ತರ

ಜಗತ್ತಿನ ಅತಿ ಎತ್ತರದ ಶಿಖರವನ್ನು ಕನ್ನಡ ಪಠ್ಯಪುಸ್ತಕಗಳಲ್ಲಿ ಮೊದಲು ಚೋಮೊಲುಂಗ್ಮಾ ಎಂದು ಬರೆದು, ಎವರೆಸ್ಟ್ ಎಂಬುದನ್ನು ಆವರಣದಲ್ಲಿ ಇಡಬೇಕು ಎಂದು ಚಾಮರಾಜಪೇಟೆಯ ಸಭೆಯೊಂದರಲ್ಲಿ ಹೇಳಿದ್ದೆ. ಅಂದಿನಿಂದ ಬಸವನಗುಡಿ, ಮಲ್ಲೇಶ್ವರದ ಮಿತ್ರರು ಆಕ್ಷೇಪ ಎತ್ತುತ್ತಲೇ ಇದ್ದಾರೆ. ಎಲ್ಲರೂ ಓದಿಕೊಂಡವರು. ಅವರಿಗೆ ಉತ್ತರ ಕೊಡುವುದು ನನ್ನ ಹೊಣೆ.

‘ಅಳೆದವರ ಹೆಸರಿಡುವುದು ನ್ಯಾಯವಲ್ಲವೇ?’ ಎಂಬುದು ಮೊದಲ ಆಕ್ಷೇಪ. ಜಾರ್ಜ್ ಎವರೆಸ್ಟ್ ಈ ಶಿಖರವನ್ನು ಅಳೆಯಲೇ ಇಲ್ಲ. ಅವರು ಸರ್ವೆ ಇಲಾಖೆಯಿಂದ ನಿವೃತ್ತರಾದದ್ದು 1843ರಲ್ಲಿ. ‘ಹದಿನೈದನೇ ಶಿಖರ’ ಎಂದು ಗುರುತು ಹಾಕಿಕೊಂಡು ದೂರದ ಬಯಲಿನಿಂದ ಅಳೆದದ್ದು ಅವರ ನಂತರ ಬಂದ ಆಂಡ್ರ್ಯೂ ವಾ ಅವರ ತಂಡ. ಲೆಕ್ಕದಲ್ಲಿ ಬಂಗಾಳದ ರಾಧಾನಾಥ ಸಿಕ್ದಾರರ ಪಾತ್ರ ದೊಡ್ಡದು. 1856ರಲ್ಲಿ ಎತ್ತರ 29,002 ಅಡಿ ಎಂದು ಪ್ರಕಟಿಸಿದಾಗ ವಾ ತಮ್ಮ ಹಳೆಯ ಮೇಲಧಿಕಾರಿಯ ಹೆಸರನ್ನು ಸೂಚಿಸಿದರು. ಅದನ್ನು ಬೇಡ ಎಂದವರು ಸ್ವತಃ ಎವರೆಸ್ಟ್! ಈ ಹೆಸರು ಹಿಂದಿಯಲ್ಲಿ ಬರೆಯಲು ಬಾರದು, ಅಲ್ಲಿನ ಜನರ ನಾಲಿಗೆಗೆ ಹೊರಳದು ಎಂದು 1857ರಲ್ಲಿ ತಕರಾರು ಮಾಡಿದರು. ಆದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅದನ್ನೇ ಖಾಯಂ ಮಾಡಿತು. ಸ್ಥಳೀಯರು ಕರೆಯುವ ಹೆಸರನ್ನೇ ಬರೆಯುವುದು ಸರ್ವೆಯವರ ರೂಢಿ. ಕಾಂಚನಜುಂಗಾ, ಧವಳಗಿರಿ ಹಾಗೆಯೇ ಉಳಿದವು. ನಮ್ಮ ಸಾವನದುರ್ಗ, ನಂದಿದುರ್ಗಗಳ ಕಾಗುಣಿತ ಕೆಡಿಸಿದರೇ ಹೊರತು ಹೆಸರು ಕಿತ್ತುಕೊಳ್ಳಲಿಲ್ಲ.

‘ಹಾಗಾದರೆ ಸಿಕ್ದಾರರ ಹೆಸರಿಡಿ’ ಎಂದರು ಇನ್ನೊಬ್ಬರು. ಸಿಕ್ದಾರರ ಬಗ್ಗೆ ಮಕ್ಕಳು ಓದಲೇಬೇಕು. ಆದರೆ ಒಬ್ಬ ಅಧಿಕಾರಿಯ ಹೆಸರು ತೆಗೆದು ಇನ್ನೊಬ್ಬರದನ್ನು ಅಂಟಿಸಿದರೆ ಬೆಟ್ಟದ ಬುಡದಲ್ಲಿ ಬದುಕುವವರಿಗೆ ಆದ ಅನ್ಯಾಯ ಹಾಗೆಯೇ ಉಳಿಯುತ್ತದೆ.

‘ಗೌರೀಶಂಕರ ಎಂಬ ಚೆಂದದ ಹೆಸರು ಇದೆಯಲ್ಲ’ ಎನ್ನುವ ಹಿರಿಯರ ಮೇಲೆ ನನಗೆ ಗೌರವವಿದೆ. ಅವರ ತಲೆಮಾರು ಕಲಿತದ್ದೇ ಹಾಗೆ. 1855ರ ಸುಮಾರಿಗೆ ಜರ್ಮನಿಯ ಹರ್ಮನ್ ಶ್ಲಾಗಿಂಟ್ವೈಟ್ ನೇಪಾಳದ ಕಡೆಯಿಂದ ನೋಡಿ ಎರಡು ಶಿಖರಗಳನ್ನು ಒಂದೆಂದು ತಿಳಿದ. 1903ರಲ್ಲಿ ಹೆನ್ರಿ ವುಡ್ ಎಂಬ ಅಧಿಕಾರಿ ಕಠ್ಮಂಡು ಕಡೆಯಿಂದ ಸರ್ವೆ ಮಾಡಿ ಎರಡೂ ಬೇರೆ ಎಂದು ತೋರಿಸಿಕೊಟ್ಟ. ಗೌರೀಶಂಕರ 7,134 ಮೀಟರ್ ಎತ್ತರದ, ಪಶ್ಚಿಮಕ್ಕಿರುವ ಬೇರೆಯೇ ಶಿಖರ. ಅದರ ಹೆಸರು ಅದಕ್ಕಿರಲಿ.

‘ಸಗರಮಾಥಾ’ ಬಗ್ಗೆ ನನಗೆ ಜಗಳವಿಲ್ಲ. ನೇಪಾಳ ಅದನ್ನು ಬಳಸಲಿ, ಅದು ಅವರ ಹಕ್ಕು. ಅದು ಇತಿಹಾಸಕಾರ ಬಾಬುರಾಮ್ ಆಚಾರ್ಯರು 1930ರ ದಶಕದ ಕೊನೆಯಲ್ಲಿ ಬಳಕೆಗೆ ತಂದ ಹೆಸರು. ಅದಕ್ಕಿಂತ ಎಷ್ಟೋ ಹಳೆಯದು ಈಗಾಗಲೇ ಇತ್ತು ಎಂಬುದಷ್ಟೇ ನನ್ನ ಮಾತು.

ಅತಿ ಗಟ್ಟಿಯಾಗಿ ಕೇಳಿಬಂದ ಆಕ್ಷೇಪ, ‘ಅದು ಚೀನೀ ಹೆಸರು’ ಎಂಬುದು. ಅಲ್ಲ. ಅದು ಟಿಬೆಟನ್ ಹೆಸರು. ಚೀನೀಯರು ಬರೆಯುವುದು ಅದರ ಉಚ್ಚಾರವನ್ನೇ ಅನುಸರಿಸಿದ ರೂಪ. ಪ್ಯಾರಿಸ್ಸಿನಲ್ಲಿ 1733ರಲ್ಲಿ ದಾನ್‌ವಿಲ್ ಮುದ್ರಿಸಿದ ನಕ್ಷೆಯಲ್ಲಿ ಈ ಹೆಸರು ಕಾಣುತ್ತದೆ. ಎಂದರೆ, ಸ್ಥಳೀಯ ಹೆಸರು ಸಿಗಲಿಲ್ಲ ಎಂದು ವಾ ಸಮಜಾಯಿಷಿ ಕೊಡುವುದಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಮುಂಚೆ! 1921ರಲ್ಲಿ ಬ್ರಿಟಿಷ್ ತಂಡಕ್ಕೆ ಟಿಬೆಟ್ ಕೊಟ್ಟ ರಹದಾರಿಯಲ್ಲೂ ಇದ್ದದ್ದು ಇದೇ. ನೇಪಾಳದ ಶೆರ್ಪಾಗಳೂ ಹೀಗೆಯೇ ಕರೆಯುತ್ತಾರೆ. 1953ರಲ್ಲಿ ತುದಿ ಮುಟ್ಟಿದ ತೇನ್‌ಸಿಂಗ್ ನೋರ್ಗೆಗೆ ಬಾಲ್ಯದಿಂದ ಗೊತ್ತಿದ್ದ ಹೆಸರೂ ಇದೇ. ಟಿಬೆಟನ್ನರನ್ನು ನಿರಾಶ್ರಿತರಾಗಿಸಿದ ದೇಶಕ್ಕೆ ಅವರ ದೇವತೆಯ ಹೆಸರನ್ನೂ ಬರೆದುಕೊಡುವುದು ಯಾವ ದೇಶಪ್ರೇಮ? 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ, ನಂತರ ಮುಂಡಗೋಡಿನಲ್ಲಿ ಅವರಿಗೆ ನೆಲ ಕೊಟ್ಟ ರಾಜ್ಯ ನಮ್ಮದು. ಈ ಹೆಸರಿನ ಭಾಷೆಯನ್ನಾಡುವ ಕನ್ನಡನಾಡಿನ ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

‘ಅರ್ಥದ ಬಗ್ಗೆಯೇ ಒಮ್ಮತವಿಲ್ಲ’ ಎಂಬುದು ನಿಜ. ಲೋಕಮಾತೆ ಎನ್ನುವವರುಂಟು. ಹಕ್ಕಿಯೂ ಹಾರಿ ದಾಟಲಾಗದ ಬೆಟ್ಟ ಎಂದು ತೇನ್‌ಸಿಂಗ್‌ಗೆ ಅವರ ತಾಯಿ ಹೇಳಿದ್ದರಂತೆ. ಶೆರ್ಪಾಗಳ ನಂಬಿಕೆಯಲ್ಲಿ ಅಲ್ಲಿ ನೆಲೆಸಿದವಳು ಮಿಯೊಲಾಂಗ್ ಸಾಂಗ್ಮಾ. ಐವರು ಸೋದರಿ ದೇವತೆಗಳಲ್ಲಿ ಒಬ್ಬಳು, ಕೇಳಿದವರಿಗೆ ಅನ್ನ, ಸಂಪತ್ತು ಕೊಡುವವಳು. ಸೋದರಿ ದೇವತೆಗಳ ಸಮೇತ ಅಣ್ಣಮ್ಮನನ್ನು ಪೂಜಿಸುವ ಬೆಂಗಳೂರಿಗೆ ಇದು ಅಪರಿಚಿತ ಭಾವವಲ್ಲ. ಹಲವು ಅರ್ಥ ಹೇಳುವ ಹೆಸರು ಹಲವು ತಲೆಮಾರು ಬಾಳಿದ ಹೆಸರು. ಎವರೆಸ್ಟ್ ಎಂಬುದಕ್ಕೆ ಆ ಬೆಟ್ಟದ ಮಟ್ಟಿಗೆ ಒಂದು ಅರ್ಥವೂ ಇಲ್ಲ.

‘ಎಲ್ಲಿಯ ಬೆಂಗಳೂರು, ಎಲ್ಲಿಯ ಹಿಮಾಲಯ?’ ಎಂದೂ ಕೇಳಿದರು. ಆ ಶಿಖರದವರೆಗೆ ಮುಟ್ಟಿದ ಸರ್ವೆ ಕೆಲಸಕ್ಕೆ ವಿಲಿಯಂ ಲ್ಯಾಂಬ್ಟನ್ ಟಿಪ್ಪುವಿನ ಪತನದ ಮರುವರ್ಷವೇ, 1800ರಲ್ಲಿ, ಪ್ರಯೋಗಾರ್ಥವಾಗಿ ಸರಪಳಿ ಹಿಡಿದು ನೆಲ ಅಳೆದದ್ದು ಬೆಂಗಳೂರಿನ ಬಳಿ. ಮದ್ರಾಸಿನ ಪ್ರಸಿದ್ಧ ಅಳತೆ ಆಮೇಲಿನದು, 1802ರದು. ಅದಕ್ಕಿಂತ ಹೆಚ್ಚಿನ ನಂಟು ಇನ್ನೊಂದಿದೆ. ‘ಬ್ಯಾಂಗಲೋರ್’ ಎಂದು ಬರೆಸಿಕೊಂಡ ಊರು ನಮ್ಮದು. ಅನಂತಮೂರ್ತಿಯವರು 2005ರಲ್ಲಿ ಬೆಂಗಳೂರು ಎಂದೇ ಬರೆಯಿರಿ ಎಂದಾಗಲೂ ‘ಹೆಸರಲ್ಲೇನಿದೆ’ ಎಂದವರಿದ್ದರು. 2014ರ ನವೆಂಬರ್ 1ರಿಂದ ಅದು ಅಧಿಕೃತವಾಯಿತು. ನಮ್ಮ ಊರಿಗೆ ಕೇಳಿದ್ದನ್ನು ಶೆರ್ಪಾಗಳ ಬೆಟ್ಟಕ್ಕೆ ಕೊಡಬಾರದೇಕೆ?

ಇನ್ನು ಮಕ್ಕಳಿಗೆ ಗೊಂದಲವಾಗುತ್ತದೆ ಎಂಬ ಮಾತು. ನ್ಯೂಜಿಲೆಂಡಿನಲ್ಲಿ 1998ರಿಂದ ಅವರ ಅತಿ ಎತ್ತರದ ಪರ್ವತವನ್ನು ಅಯೊರಾಕಿ–ಮೌಂಟ್ ಕುಕ್ ಎಂದು ಎರಡೂ ಹೆಸರು ಜೋಡಿಸಿಯೇ ಬರೆಯುತ್ತಾರೆ. ಅಲ್ಲಿನ ಮಕ್ಕಳು ಕಲಿಯುವುದನ್ನು ನಮ್ಮವರೂ ಕಲಿಯಬಲ್ಲರು. ನಾನು ಎವರೆಸ್ಟ್ ಎಂಬುದನ್ನು ಅಳಿಸಿ ಎಂದಿಲ್ಲ. ಎರಡನೆಯ ಸ್ಥಾನದಲ್ಲಿಡಿ ಎಂದಿದ್ದೇನೆ.